ಪಂಚಶೀಲಾ ಹುಡುಕಿದ ಭೋಂಗಾದ ದನಿ

ಪಂಚಶೀಲಾ ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಅಂಗಳದಲ್ಲಿ ಕುಳಿತು ಜೋಳ ಕೇರುತ್ತಿದ್ದೆ. ಅವಳ ಬೆನ್ನಿಗೆ ಗಿಟಾರಿನ ಚೀಲ, ಕೈಯಲ್ಲಿ ಇನ್ನೊಂದು ಚೀಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರ ಒಳಗೆ ಬಂದು ನನ್ನ ಮೊರದ ಪಕ್ಕದಲ್ಲೇ ಕುಳಿತಳು.

"ಮೈಕ್ ಸೆಟ್ ಭೀಮರಾಯ ಕಾಕಾರ ಮನಿ ಇದೇ ಅಲ್ಲೇನ್ರಿ?"

"ಇದೇ. ಅವರು ತೀರ್ಕೊಂಡು ಭಾಳ ವರ್ಷ ಆತು. ಈಗ ಮೈಕ್ ಸೆಟ್ ಬಾಡಿಗಿ ಕೊಡಂಗಿಲ್ಲ, ತಂಗಿ."

"ಮೈಕ್ ಸೆಟ್ ಬ್ಯಾಡ್ರಿ ಯವ್ವಾ. ಅದರ ಆವಾಜ್ ಬೇಕಾಗ್ಯದ. ನಾ ಗಿಟಾರ್ ಬಾರಿಸೋ ಶ್ರೀಮಂತನ ಮಗಳು, ರಂಗಂಪೇಟಿಯಾಕಿ."

ಶ್ರೀಮಂತನ ಹೆಸರು ಕೇಳಿ ನಾನು ಮೊರ ಕೆಳಗಿಟ್ಟೆ. ಅವಳ ಅಪ್ಪ ನಮ್ಮ ಹೊಸ್ತಿಲು ದಾಟುವುದಕ್ಕೆ ಎರಡು ವರ್ಷ ತೆಗೆದುಕೊಂಡಿದ್ದ. ನಾವು ಬಾ ಎಂದರೂ ಬರುತ್ತಿರಲಿಲ್ಲ, ಕಟ್ಟೆಯ ಮೇಲೇ ಕೂರುತ್ತಿದ್ದ. ಮಗಳು ಯಾರನ್ನೂ ಕೇಳದೆ ಒಳಗೆ ಬಂದು ಕುಳಿತಿದ್ದಾಳೆ. ನನಗೆ ಅದು ಬಹಳ ಸೇರಿತು. ನೀರು ಕೊಟ್ಟೆ, ಆಮೇಲೆ ಚಹಾಕ್ಕೆ ಇಟ್ಟೆ.

ನಮ್ಮವರು ಸುರಪುರದಲ್ಲಿ ಮೈಕ್ ಸೆಟ್ ಇಟ್ಟಿದ್ದರು. ಬೋನಾಳದಿಂದ ಶಹಾಪುರದವರೆಗೆ ಮದುವೆ, ಬಸುರಿಯ ಕುಪ್ಪಸ, ಎಲೆಕ್ಷನ್ ಏನೇ ಇರಲಿ, ಬಂಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಅವರ ಆಂಪ್ಲಿಫೈಯರ್ ವಾಲ್ವಿನದು. ಗಾಜಿನ ಬುಡ್ಡಿಯಂಥ ವಾಲ್ವುಗಳು ಒಲೆಯ ಹಾಗೆ ಕಾದು ಕೆಂಪಾಗಬೇಕು, ಆಮೇಲೆ ಅದು ಮಾತಾಡುತ್ತಿತ್ತು. ಊರಿನಲ್ಲಿ ಒಂದು ಆರ್ಕೆಸ್ಟ್ರಾ ಇತ್ತು. ಅದರಲ್ಲಿ ಶ್ರೀಮಂತ ಗಿಟಾರ್ ಬಾರಿಸುತ್ತಿದ್ದ. ಗಿಟಾರಿಗೆಂದು ಬೇರೆ ಪೆಟ್ಟಿಗೆ ಇರಲಿಲ್ಲ. ಅದರ ವೈರನ್ನು ನಮ್ಮ ಆಂಪ್ಲಿಫೈಯರಿಗೇ ಸಿಕ್ಕಿಸುತ್ತಿದ್ದರು. ದನಿ ಹೊರಗೆ ಬರುತ್ತಿದ್ದುದು ಬೇವಿನ ಮರಕ್ಕೋ ಕಂಬಕ್ಕೋ ಕಟ್ಟಿದ ಭೋಂಗಾದಿಂದ. ಅಗಲ ಬಾಯಿಯ ತಗಡಿನ ಭೋಂಗಾ ನೋಡದವರು ಯಾರಿದ್ದಾರೆ?

ಹಾಡುವವರು, ಢೋಲಕಿನವರು, ಹಾರ್ಮೋನಿಯಂನವರು ಎಲ್ಲರೂ ಸ್ಟೇಜಿನ ಮೇಲೆ. ಶ್ರೀಮಂತ ಒಬ್ಬನೇ ಪರದೆಯ ಹಿಂದೆ, ನಮ್ಮವರ ಮಷೀನಿನ ಪಕ್ಕದಲ್ಲಿ, ಗೋಣಿಚೀಲದ ಮೇಲೆ. ನಾನೇ ಕಣ್ಣಾರೆ ನೋಡಿದ್ದೇನೆ. ಯಾಕೆ ಎಂದರೆ ಗಿಟಾರಿನ ವೈರು ಸಣ್ಣದು ಎಂದು ಆರ್ಕೆಸ್ಟ್ರಾದ ಮಾಲೀಕ ಹೇಳುತ್ತಿದ್ದ. ಸುಳ್ಳು! ಹಾಡುವವರ ವೈರು ಅಂಗಳದ ಆ ಕಡೆಯಿಂದ ಈ ಕಡೆಗೆ ಬರುವಷ್ಟಿತ್ತು. ನಮ್ಮವರು "ಉದ್ದ ವೈರ್ ನನ್ನ ಹತ್ರ ಅದ, ಹಾಕ್ತೀನಿ" ಎಂದಾಗ, "ಅಂವ ಅಲ್ಲೇ ಚೊಲೋ ಅದಾನ, ಬಿಡ್ರಿ" ಎಂದನಂತೆ. ಅವನು ಯಾವ ಕೇರಿಯವನು ಎಂದು ಎಲ್ಲರಿಗೂ ಗೊತ್ತಿತ್ತು. ಕಿವಿಗೆ ಬೇಕಾಗಿದ್ದ, ಕಣ್ಣಿಗೆ ಬೇಡವಾಗಿದ್ದ. ನಮ್ಮವರು ಮನೆಗೆ ಬಂದು ಇದನ್ನು ಹೇಳುವಾಗ ತಟ್ಟೆಯಲ್ಲಿ ರೊಟ್ಟಿ ಹಾಗೇ ಇರುತ್ತಿತ್ತು.

ಆ ಶ್ರೀಮಂತನ ಒಬ್ಬಳೇ ಮಗಳು ಪಂಚಶೀಲಾ. ತಾಯಿ ಮಲ್ಲೇಶ್ವರಿ ಕಾಲುವೆ ಕಡೆ ಭತ್ತದ ನಾಟಿಗೆ ಹೋಗಿ ಮಗಳನ್ನು ಓದಿಸಿದಳು. ಶಹಾಪುರದ ಹಾಸ್ಟೆಲಿನಲ್ಲಿ ಇದ್ದು ಕಲಿತು, ಈಗ ಶಹಾಪುರದಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತೆ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬರುವುದು. ಗಿಟಾರ್ ಕಲಿಸಿದವನು ಅಪ್ಪ. ಕೊನೆಕೊನೆಗೆ ಅವನ ಬೆರಳು ಸೆಟೆದು ತಂತಿ ಒತ್ತಲು ಬಾರದಾದಾಗ, ಬಾಯಲ್ಲೇ ರಾಗ ಹೇಳಿ ಅವಳ ಕೈಯಿಂದ ನುಡಿಸಿದನಂತೆ. ಅವನು ಹೋದ ಮೇಲೆ ಆ ಗಿಟಾರ್ ಇವಳದಾಯಿತು. ನೋಡಲು ಬಂದ ಗಂಡಿನ ಕಡೆಯವರು ಮದುವೆಯಾದ ಮೇಲೆ ಗಿಟಾರ್ ಬಿಡಬೇಕು ಎಂದರು. ಇವಳು, "ನಿಮ್ಮ ಮಗ ಮೊಬೈಲ್ ಬಿಡ್ತಾನೇನ್ರಿ?" ಎಂದು ಕೇಳಿದಳು. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರಂತೆ. ಇದನ್ನು ಹೇಳುವಾಗ ಮಲ್ಲೇಶ್ವರಿ ಬಯ್ಯುತ್ತಾಳೆ, ಬಯ್ಯುತ್ತಲೇ ನಗುತ್ತಾಳೆ.

ಅವತ್ತು ಚೀಲದಿಂದ ತೆಗೆದು ತೋರಿಸಿದ್ದು ಗಿಟಾರ್ ಪ್ರೊಸೆಸರ್. ಕಾಲಿನಿಂದ ಒತ್ತುವ ಗುಂಡಿಗಳಿರುವ ಕಬ್ಬಿಣದ ಹಲಗೆ ಅದು, ಮೇಲೆ ಸಣ್ಣ ಟಿವಿಯಂಥ ಗಾಜು. ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿದರೆ, ಹಳೆಯ ಕಾಲದ ಆಂಪ್ಲಿಫೈಯರುಗಳ ದನಿಯನ್ನು ಅದು ಹಾಗೆಯೇ ಮಾಡಿ ತೋರಿಸುತ್ತದೆ. ಗಾಜಿನ ಮೇಲೆ ಒಂದೊಂದು ಪೆಟ್ಟಿಗೆಯ ಚಿತ್ರ ಸರಿಸುತ್ತ ಹೇಳಿದಳು:

"ಇದು ಇಂಗ್ಲೆಂಡಿಂದು, ಇದು ಅಮೆರಿಕದ್ದು. ಹಳೀ ವಾಲ್ವಿನ ಪೆಟಗಿ ಎಷ್ಟ್ ಬೇಕು ಅಷ್ಟ್ ಅದಾವ್ರಿ. ಸುರಪುರದ್ದೊಂದಽ ಇಲ್ಲ."

"ಅವರಿಗ್ಯಾರ್ ಹೇಳ್ಯಾರ ಸುರಪುರ ಅಂತ ಒಂದೂರು ಅದ ಅಂತ?"

"ಅದಕ್ಕ ನಾವಽ ಮಾಡೋಣ್ರಿ. ಬಾರಿಸೋ ಕೈ ನನ್ನದು. ಕೇಳೋ ಕಿವಿ ನಿಮ್ಮದು. ಅಪ್ಪನ ಆವಾಜ್ ನಾ ಸಣ್ಣಾಕಿ ಇದ್ದಾಗ ಕೇಳಿದ್ದು, ಪೂರಾ ನೆನಪಿಲ್ರಿ."

ನಮ್ಮವರ ಮಷೀನನ್ನು ಅಟ್ಟದಿಂದ ಇಳಿಸಿದೆವು. ಎರಡು ವಾಲ್ವು ಒಡೆದಿದ್ದವು, ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರ್ರಗಾಗಿತ್ತು. ಶಹಾಪುರದ ರಿಪೇರಿಯವನು ಬಿಚ್ಚಿಯೂ ನೋಡದೆ "ಗುಜರಿಗಿ ಹಾಕ್ರಿ" ಎಂದ. ಹೆಣದ ಮೇಲೆ ಬಟ್ಟೆ ಮುಚ್ಚಿದ ಹಾಗೆ ಪಂಚಶೀಲಾ ಅದಕ್ಕೆ ಟವೆಲ್ ಹೊದಿಸಿ ಮತ್ತೆ ಅಟ್ಟಕ್ಕೆ ಏರಿಸಿದಳು. ಅದನ್ನು ಹಚ್ಚಿ ಕೇಳುವ ದಾರಿ ಮುಗಿಯಿತು.

ಆಮೇಲೆ ಭಾನುವಾರ ಭಾನುವಾರ ಬರತೊಡಗಿದಳು. ನನ್ನ ಕಿವಿಗೆ ಹೆಡ್‌ಫೋನ್ ಹಾಕುವಳು, ತಾನು ಬಾರಿಸುವಳು, ಒಂದು ಗುಂಡಿ ತಿರುಗಿಸುವಳು, ಮತ್ತೆ ಬಾರಿಸುವಳು.

"ಈಗ ಹ್ಯಾಂಗದ್ರಿ?"

"ಭಾಳ ಸಿಹಿ ಆತು. ಬೆಲ್ಲದಾಗ ಅದ್ದಿದಂಗ."

"ಈಗ?"

"ಈಗ ತಗಡ ಕೆರದಂಗ."

ತಾಳ್ಮೆ ನನಗೂ ಇದೆ, ಅವಳಿಗೂ ಇತ್ತು. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವಳು. ಅವಸರ ಮಾಡಿದ್ದು ನಾನು ಒಂದು ದಿನವೂ ನೋಡಲಿಲ್ಲ. ಮದುವೆ ಮನೆಗಳಲ್ಲಿ ಸಂಜೆ ಎಲ್ಲ ಬಲ್ಬು ಹಚ್ಚಿದಾಗ, ಆ ಕಡೆ ಪಂಪ್‌ಸೆಟ್ಟೂ ಶುರುವಾದಾಗ, ಕರೆಂಟು ಇಳಿದು ವಾಲ್ವು ಮಂಕಾಗುತ್ತಿದ್ದವು. ಆಗ ಶ್ರೀಮಂತ ತಂತಿ ಜೋರಾಗಿ ಎಳೆದರೆ ದನಿ ಒಮ್ಮೆ ಕುಸಿದು ಕುಳಿತು, ಆಮೇಲೆ ಮೆಲ್ಲಗೆ ಏಳುತ್ತಿತ್ತು. ಇದನ್ನು ಹೇಳಿದಾಗ ಅವಳು ಕುಣಿದುಬಿಟ್ಟಳು. ಕರೆಂಟು ಕುಸಿಯುವುದಕ್ಕೂ ಪ್ರೊಸೆಸರಿನಲ್ಲಿ ಒಂದು ಗುಂಡಿ ಇದೆಯಂತೆ! ಅದನ್ನು ತಿರುಗಿಸಿದಳು. ದನಿ ಕುಸಿಯಿತು, ಎದ್ದಿತು. ಆದರೂ ಅದು ಶ್ರೀಮಂತನ ದನಿ ಆಗಲಿಲ್ಲ.

ತಿಂಗಳುಗಟ್ಟಲೆ ಹೀಗೇ ಹೋಯಿತು. ಒಂದು ಭಾನುವಾರ ಹೆಡ್‌ಫೋನ್ ಕಿವಿಗೆ ಬಿಸಿಯಾಗಿ ನಾನು ತೆಗೆದಿಟ್ಟು, "ನೀ ಸ್ಪೀಕರಿನ್ಯಾಗ ಹಚ್ಚು, ನಾ ಹಿತ್ತಲದಾಗ ಬಟ್ಟಿ ಒಣಗ ಹಾಕ್ತ ಕೇಳ್ತೀನಿ" ಎಂದೆ. ಹಿತ್ತಲಿಂದ ಕೂಗಿ, "ಇಲ್ಲಿಂದ ಕೇಳಿದ್ರ ನಿಮ್ಮಪ್ಪನ ಆವಾಜಿಗಿ ಜರಾ ಸನ್ಯಾಕ ಬಂದದ ನೋಡು" ಎಂದೆ. ಒಳಗೆ ಗಿಟಾರ್ ನಿಂತುಹೋಯಿತು. ಅವಳು ಓಡಿ ಬಂದಳು.

"ಯವ್ವಾ, ಅಪ್ಪ ಬಾರಿಸುವಾಗ ನೀವ್ ಎಲ್ಲಿ ಕುಂತು ಕೇಳ್ತಿದ್ರಿ?"

"ಎಲ್ಲಿ ಕುಂದ್ರಬೇಕ? ಹೆಂಗಸರ ಕಡಿ, ಅಡಗಿ ಮಾಡೋ ಕಡಿ."

"ಅಂದ್ರ ದೂರ. ಅಂದ್ರ ಭೋಂಗಾದಾಗಿಂದ!" ಎಂದು ಹಣೆ ಹಣೆ ಬಡಿದುಕೊಂಡಳು. "ಇಷ್ಟ್ ದಿನ ಪೆಟಗಿ ಹುಡುಕಾಕತ್ತೀವಿ, ಭೋಂಗಾ ಮರ್ತೇ ಬಿಟ್ಟೀವಿ. ಕಾಕಾರನ್ನ ಬಿಟ್ರ ಮದುವಿ ಮನ್ಯಾಗ ಅಪ್ಪನ ಗಿಟಾರ್ ಒಬ್ಬರೂ ಬಾಜೂಕ ಕುಂತು ಕೇಳಿಲ್ರಿ. ಎಲ್ಲಾರೂ ಮರದ ಮ್ಯಾಲಿಂದಽ ಕೇಳ್ಯಾರ."

ಆ ತಪ್ಪು ನಮ್ಮಿಬ್ಬರದೂ ಹೌದು. ಹೊರದೇಶದವರ ಗಿಟಾರು ಮರದ ಪೆಟ್ಟಿಗೆಯ ಸ್ಪೀಕರಿನಿಂದ ಬರುತ್ತದೆ, ಪ್ರೊಸೆಸರಿನ ಒಳಗೂ ಅಂಥ ಪೆಟ್ಟಿಗೆಗಳೇ. ನಮ್ಮದು ತಗಡಿನ ಬಾಯಿಯಿಂದ, ಬೇವಿನ ಎಲೆಯೊಳಗಿಂದ, ಓಣಿ ದಾಟಿ ಬಂದದ್ದು.

ಅಟ್ಟದ ಮೇಲೆ ನಮ್ಮವರ ಭೋಂಗಾ ಗಟ್ಟಿಮುಟ್ಟಾಗಿತ್ತು. ಒರೆಸಿ ಹಿತ್ತಲ ಗೋಡೆಯ ಮೇಲೆ ಕಟ್ಟಿದೆವು. ಅದರ ಗುಣ ಪ್ರೊಸೆಸರಿಗೆ ಕಲಿಸಬೇಕಾದರೆ, ಕೆಳಗಿನ ದನಿಯಿಂದ ಮೇಲಿನ ದನಿಗೆ ಏರುವ ಒಂದು ಉದ್ದ ಕೂಗನ್ನು ಭೋಂಗಾದಿಂದ ಬಿಟ್ಟು, ದೂರದಲ್ಲಿ ಮೈಕ್ ಇಟ್ಟು ಹಿಡಿಯಬೇಕಂತೆ. ಹಾಗೆ ಹಿಡಿದದ್ದನ್ನು ಕಂಪ್ಯೂಟರಿನಲ್ಲಿ ಸರಿಮಾಡಿ ಒಳಗೆ ತುಂಬಿದರೆ, ಗಿಟಾರ್ ಆ ಭೋಂಗಾದಿಂದಲೇ ಬಂದ ಹಾಗೆ ಕೇಳುತ್ತದೆ. ಕೂಗು ಬಿಟ್ಟಾಗ ಓಣಿಯ ನಾಯಿಗಳೆಲ್ಲ ಅಳತೊಡಗಿದವು. ಬಾಜೂ ಮನೆಯ ಸರ್ವರಬೇಗಂ ಮಾಳಿಗೆ ಮೇಲೆ ಬಂದು, "ಸುಂದ್ರಮ್ಮ, ಏನ್ ಹಚ್ಚೀರಿ ಇದು? ನಮ್ಮ ಕೋಳಿ ಮೊಟ್ಟಿ ಇಡಾಂಗಿಲ್ಲ ಇನ್ನ!" ಎಂದು ಬಯ್ದಳು.

ಮುಂದಿನ ಭಾನುವಾರ ಪಂಚಶೀಲಾ ಎಲ್ಲ ತುಂಬಿಕೊಂಡು ಬಂದು, ಸ್ಪೀಕರಿಗೆ ಹಚ್ಚಿ, ಅವಳಪ್ಪ ಬೀಗರು ಇಳಿಯುವಾಗ ಬಾರಿಸುತ್ತಿದ್ದ ಒಂದು ಧಾಟಿ ಬಾರಿಸಿದಳು. ಗೋಡೆಯ ಆ ಕಡೆಯಿಂದ ಸರ್ವರಬೇಗಂ ಕೂಗಿದಳು:

"ಸುಂದ್ರಮ್ಮ, ಯಾರ ಮನ್ಯಾಗ ಶಾದಿ ಅದ?"

ಪಂಚಶೀಲಾ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಳು. ನಾನು ಅವಳ ತಲೆ ಸವರಿದೆ. ಅಷ್ಟೇ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆ ಆರ್ಕೆಸ್ಟ್ರಾದ ಮಾಲೀಕನ ಮಗ ಅಂಬ್ರಪ್ಪ ಈಗ ಯಾದಗಿರಿಯಲ್ಲಿದ್ದಾನೆ, ಕಾರ್ಯಕ್ರಮ ಮಾಡಿಸುವ ಕೆಲಸ. ಸುದ್ದಿ ಹೇಗೋ ಅವನಿಗೆ ಮುಟ್ಟಿತು. ಕಾರಿನಲ್ಲಿ ನಮ್ಮ ಮನೆಗೇ ಬಂದ. ಕೇಳಿದ. ಕಣ್ಣು ಒರೆಸಿಕೊಂಡ. ಅದು ನಾಟಕ ಎಂದು ನಾನು ಹೇಳುವುದಿಲ್ಲ, ನಿಜವಾಗಿಯೂ ನೀರು ಬಂದಿತ್ತು.

"ನಮ್ಮಪ್ಪನ ಹೆಸರಿಲೆ ಯಾದಗಿರಿಯಾಗ ಹಳೀ ಹಾಡಿನ ಸಂಜೆ ಇಟ್ಟೀನಿ. ಈ ಆವಾಜ್ ಇಲ್ದ ಅದು ಆಗಂಗಿಲ್ಲ, ತಂಗಿ. ನೀ ಬರಾಕಽ ಬೇಕು," ಎಂದ.

"ಬರ್ತೀನ್ರಿ ಅಣ್ಣಾರ," ಎಂದಳು. ಅಷ್ಟು ಖುಷಿ ಅವಳ ಮುಖದಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಅವಳಪ್ಪ ಪರದೆಯ ಹಿಂದೆ ಕುಳಿತು ಬಾರಿಸಿದ್ದನ್ನು ಇವಳು ಸ್ಟೇಜಿನ ಮೇಲೆ ನಿಂತು ಬಾರಿಸುವುದು. ಅವಳಿಗೆ ಬೇಕಾಗಿದ್ದದ್ದು ಇದೊಂದೇ.

ಹೋಗುವಾಗ ಅಂಬ್ರಪ್ಪ ಹೇಳಿದ: "ಮೊದಲ ಅದರ ಫೈಲ್ ಒಂದು ಫೋನಿಗಿ ಕಳಿಸು. ಸೌಂಡಿನವರು ಲೆವೆಲ್ ನೋಡ್ಕೊಂತಾರ." ಪ್ರೊಸೆಸರಿನಲ್ಲಿ ಮಾಡಿದ ದನಿ ಫೋಟೋದ ಹಾಗಂತೆ, ಫೋನಿನಲ್ಲಿ ಕಳಿಸಿದರೆ ಅಂಥದ್ದೇ ಇನ್ನೊಂದು ಪ್ರೊಸೆಸರಿಗೆ ಇಳಿಯುತ್ತದೆ. ಇವಳು ಕಳಿಸಿದಳು. ಯಾಕೆ ಕಳಿಸಬಾರದು? ಕರೆದವರನ್ನು ನಂಬಬಾರದೆಂದು ಯಾರು ಕಲಿಸಿದ್ದಾರೆ?

ಆ ದಿನ ನಾವಿಬ್ಬರೂ ಬಸ್ಸಿನಲ್ಲಿ ಶಹಾಪುರದ ಮೇಲೆ ಹಾದು ಯಾದಗಿರಿಗೆ ಹೋದೆವು. ಅವಳು ಹೊಸ ನೀಲಿ ಸೀರೆ ಉಟ್ಟಿದ್ದಳು. ಸ್ಟೇಷನ್ನಿನ ಹತ್ತಿರದ ಹಾಲಿಗೆ ಹೋಗಿ ನೋಡಿದರೆ ಸ್ಟೇಜಿನ ಮೇಲೆ ಯಾರೋ ಒಬ್ಬ ಕೋಟು ಹಾಕಿಕೊಂಡು ಗಿಟಾರ್ ಹಿಡಿದು ನಿಂತಿದ್ದಾನೆ. ಅವನ ಕಾಲ ಬುಡದಲ್ಲಿ ಇವಳದರಂಥದ್ದೇ ಪ್ರೊಸೆಸರ್. ಅವನು ತಂತಿ ಎಳೆದ. ನಮ್ಮ ಭೋಂಗಾ ಮಾತಾಡಿತು! ನಮ್ಮ ಹಿತ್ತಲ ಗೋಡೆಯ ಮೇಲೆ ಕಟ್ಟಿದ ನಮ್ಮ ಭೋಂಗಾ!

ಅಂಬ್ರಪ್ಪ ನಗುತ್ತ ಬಂದ. "ಬಾ ತಂಗಿ. ಇಂವ ರಾಯಚೂರಿಂದ ಬಂದಾನ, ಭಾಳ ಶಾಣ್ಯಾ. ಸ್ಟೇಜ್ ಮ್ಯಾಲ ಜಾಗಾ ಸಾಲವಲ್ದು. ನೀ ಹಿಂದ ಸೌಂಡಿನವರ ಬಾಜೂಕ ಕುಂತು ಟೋನ್ ನೋಡ್ಕೋ."

"ಅಣ್ಣಾರ, ಬಾರಸಾಕ ಕರ್ದಿದ್ರಿ ನೀವು."

"ಟೋನ್ ನಿಂದಽ ಅದಲ್ಲ? ಹೆಣ್ಮಗಳು ಗಿಟಾರ್ ಹಿಡದ್ರ ಜನ ಹಾಡು ಬಿಟ್ಟು ಮಾರಿ ನೋಡ್ತಾರ. ನಿನ್ನ ಒಳ್ಳೇದಕ್ಕಽ ಹೇಳಾಕತ್ತೀನಿ."

ನನಗೆ ತಡೆಯಲಾಗಲಿಲ್ಲ. "ಏ ಅಂಬ್ರಪ್ಪ, ನಿಮ್ಮಪ್ಪಗ ವೈರ್ ಸಣ್ಣದಿತ್ತು. ನಿನಗ ಸ್ಟೇಜ್ ಸಣ್ಣದಾಗ್ಯದ. ನಿಮ್ಮ ಮನ್ಯಾಗ ಏನಾರ ದೊಡ್ಡದು ಅದ ಏನ?"

"ಅವ್ವಾರ, ನೀವು ಹಿರಿಯರು. ಅಲ್ಲಿ ಚಹಾ ಅದ, ಕುಡೀರಿ ಹೋಗ್ರಿ."

ಚಹಾ ಕುಡಿಯಬೇಕಂತೆ! ಅಷ್ಟರಲ್ಲಿ ಆ ರಾಯಚೂರಿನವನು ಕೆಳಗೆ ಬಾಗಿ ಪಂಚಶೀಲಾಳನ್ನು ಕೇಳಿದ, "ಮೇಡಂ, ಈ ಟೋನ್ ಭಾರಿ ಅದ್ರಿ. ಯಾರ್ ಮಾಡ್ಯಾರ?" ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. "ನಮ್ಮಪ್ಪ," ಎಂದಳು. ಆಮೇಲೆ ಅಂಬ್ರಪ್ಪನ ಕಡೆ ತಿರುಗಿ ದನಿ ಏರಿಸದೆ ಹೇಳಿದಳು:

"ಹಿಂದ ನಮ್ಮಪ್ಪ ಕುಂತಿದ್ದು ಸಾಕ್ರಿ. ನಾ ಮುಂದ ಕುಂತು ಕೇಳ್ತೀನಿ."

ಮೊದಲ ಸಾಲಿನ ಕುರ್ಚಿಗಳಿಗೆ ಬಿಳಿ ಟವೆಲ್ ಹೊದಿಸಿದ್ದರು, ದೊಡ್ಡವರಿಗೆಂದು. ಅವಳು ನನ್ನನ್ನು ಕರೆದುಕೊಂಡು ಹೋಗಿ ನಡುಮಧ್ಯದ ಎರಡು ಕುರ್ಚಿಯಲ್ಲಿ ಕುಳಿತಳು. ಏಳಿಸಲು ಬಂದವನಿಗೆ, "ನಾವು ಗಿಟಾರಿನವರು," ಎಂದಳು. ಅವನು ಅಂಬ್ರಪ್ಪನ ಮುಖ ನೋಡಿದ. ಅಂಬ್ರಪ್ಪ ಬೇರೆ ಕಡೆ ನೋಡಿದ. ನಾವು ಏಳಲಿಲ್ಲ.

ಆ ದನಿ ಹಾಲಿನ ತುಂಬ ಬಂತು. ಕೆಡಲಿ ಎಂದು ನಾನು ಒಳಗೇ ಹರಕೆ ಹೊತ್ತಿದ್ದೆ. ಕೆಡಲಿಲ್ಲ. ವಯಸ್ಸಾದವರು ಒಬ್ಬರನ್ನೊಬ್ಬರು ಮುಟ್ಟಿ ತೋರಿಸಿಕೊಂಡು ತಲೆ ಆಡಿಸಿದರು. ನನ್ನ ಹಿಂದಿನವರು "ನಮ್ಮ ಲಗ್ನದಾಗ ಹಿಂಗಽ ಇತ್ತು" ಎಂದರು. ನಿರೂಪಣೆ ಮಾಡುವವಳು ಮೈಕ್ ಹಿಡಿದು, "ಇದು ಅಂಬ್ರಪ್ಪನವರ ತಂದೆಯವರ ಆರ್ಕೆಸ್ಟ್ರಾದ ಅಸಲಿ ದನಿ" ಎಂದಳು. ಚಪ್ಪಾಳೆ. ಶ್ರೀಮಂತನ ಹೆಸರು ಮೊದಲಿಂದ ಕೊನೆಯವರೆಗೆ ಒಮ್ಮೆಯೂ ಬರಲಿಲ್ಲ. ನಾನು ಕಾದು ಕಾದು ಕೇಳಿದ್ದೇನೆ. ಹೂವಿನವನ ಹೆಸರು ಹೇಳಿದರು, ಊಟ ಮಾಡಿಸಿದವನ ಹೆಸರು ಹೇಳಿದರು. ಶ್ರೀಮಂತ ಎಂಬ ಮೂರು ಅಕ್ಷರ ಅವರ ಬಾಯಿಗೆ ಅಷ್ಟು ಭಾರವಾಯಿತೆ? ಅಪ್ಪನ ದನಿ ಬೇಕಾದರೆ ಅಂದು ಅವನನ್ನು ಪರದೆಯ ಹಿಂದೆಯಾದರೂ ಕೂರಿಸಬೇಕಿತ್ತು. ಮಗಳ ವಿಷಯದಲ್ಲಿ ಅದೂ ಬೇಕಾಗಲಿಲ್ಲ, ಫೈಲ್ ಸಾಕಾಯಿತು.

ವಾಪಸ್ ಬರುವಾಗ ಶಹಾಪುರದಲ್ಲಿ ಬಸ್ಸು ನಿಂತಾಗ ಪಂಚಶೀಲಾ, "ಅಂವ ಚೊಲೋ ಬಾರಿಸಿದಾ, ಯವ್ವಾ. ಕುಸದು ಏಳೋ ಕಡಿ ಜರಾ ಅವಸರ ಮಾಡಿದಾ, ಅಷ್ಟಽ," ಎಂದಳು. ಇಂಥವಳು ಅವಳು. ಸಿಟ್ಟಿನಲ್ಲೂ ಲೆಕ್ಕ ತಪ್ಪುವುದಿಲ್ಲ.

ಆ ಕಾರ್ಯಕ್ರಮದ ವಿಡಿಯೋ ಫೋನಿಂದ ಫೋನಿಗೆ ಹರಿದಾಡಿತು. ರಂಗಂಪೇಟೆಯಲ್ಲಿ ಭೀಮ ಜಯಂತಿಗೆ ಇವಳು ಗಿಟಾರ್ ಬಾರಿಸುವುದು ಎಂದು ನಿಶ್ಚಯವಾಗಿತ್ತು. ಅಲ್ಲಿ ಸ್ಟೇಜು ಇವಳದೇ ಜನರದು, ಯಾರೂ ಹಿಂದೆ ಕೂರು ಎನ್ನುವವರಿಲ್ಲ. ತಾಲೀಮಿನ ದಿನ ಇವಳು ಬಾರಿಸಿದ ಕೂಡಲೇ ಓಣಿಯ ಪಡ್ಡೆ ಹುಡುಗರು ಫೋನ್ ತೆಗೆದು ನಕ್ಕರಂತೆ. "ಅಕ್ಕಾ, ಇದು ಯಾದಗಿರಿ ಅಂಬ್ರಪ್ಪನ ಆವಾಜ್! ಹ್ಯಾಂಗ್ ಹೊಡ್ಕೊಂಡು ಬಂದಿ?" ಎಂದರಂತೆ. ಒಬ್ಬ ದೊಡ್ಡ ಮನುಷ್ಯನೇ, "ಮಂದಿದು ಯಾಕವ್ವಾ ನಮಗ, ನಮ್ಮದು ಏನರ ಬಾರಿಸು," ಎಂದನಂತೆ.

ಅವರ ಎದುರಿಗೆ ನಕ್ಕಳಂತೆ. ನನ್ನ ಮನೆಗೆ ಬಂದು ನಗಲಿಲ್ಲ. ಪ್ರೊಸೆಸರನ್ನು ನನ್ನ ಮುಂದೆ ಇಟ್ಟು, ಗಾಜಿನ ಮೇಲೆ ಬೆರಳು ಇಟ್ಟು, "ಇಲ್ಲಿ ಒತ್ತಿದ್ರ ಅಳಿಸಿ ಹೋಗ್ತದ್ರಿ," ಎಂದಳು.

ನನ್ನ ಮೈ ಉರಿಯಿತು. "ಯಾಕ ಅಳಸ್ತಿ? ಅವರ ಹತ್ರ ಉಳೀತದ, ನಿನ್ನ ಹತ್ರ ಅಳೀತದ. ಅಷ್ಟಽ ಆಗೋದು. ಕಳ್ಳನ ಮನ್ಯಾಗ ಗಡಿಗಿ ಇಟ್ಟು ನಿನ್ನ ಮನ್ಯಾಗ ಒಲಿ ಆರಿಸ್ತಿ ಏನ?"

ಬೆರಳು ತೆಗೆದಳು. ಸರ್ವರಬೇಗಂ ಮಾಳಿಗೆಯ ಮೇಲೆ ಮೆಣಸಿನಕಾಯಿ ತಿರುವಿ ಹಾಕುವ ಸದ್ದು ಕೇಳುತ್ತಿತ್ತು.

"ಬಾರಸ್ತೀನ್ರಿ," ಎಂದಳು ಕೊನೆಗೆ. "ಇದನ್ನಽ ಬಾರಸ್ತೀನಿ. ಆದ್ರ ಯಾರದು ಅಂತ ನಾ ಹೇಳಿದ್ರ ಅಪ್ಪಂದು ಅಂತ ಮಗಳು ಹೇಳ್ಕೊಂಡಾಳ ಅಂತಾರ. ಯಾರ ಕೈ, ಯಾರ ಮಷೀನ್, ಯಾರ ಭೋಂಗಾ, ಯಾರ್ ಎಲ್ಲಿ ಕುಂತಿದ್ರು ಅಂತ ಕಣ್ಣಾರೆ ನೋಡಿದಾಕಿ ಈಗ ಉಳದಾಕಿ ನೀವೊಬ್ಬರಽ."

ಅರವತ್ತು ಹಳ್ಳಿಗೆ ಮೈಕ್ ಹಚ್ಚಿದ ಮನೆ ನಮ್ಮದು. ಎಲ್ಲರೂ ಅದರಲ್ಲಿ ಮಾತಾಡಿದ್ದಾರೆ, ನಾನು ಒಂದು ಸಲವೂ ಅದರ ಮುಂದೆ ನಿಂತವಳಲ್ಲ. ಅದು ಅವಳಿಗೂ ಗೊತ್ತು. ಅವಳು ನನ್ನ ಕೈ ಹಿಡಿದು, ಮುಖಕ್ಕೆ ಮುಖ ಕೊಟ್ಟು ಕೇಳಿದಳು:

"ಯವ್ವಾ, ನಾ ಬಾರಿಸೋಕಿಂತ ಮೊದಲ ನೀವು ಸ್ಟೇಜ್ ಹತ್ತಿ, ಮೈಕ್ ಹಿಡದು, ನಮ್ಮಪ್ಪನ ಹೆಸರು ಹೇಳ್ತೀರೇನ್ರಿ?"